ಪಿಜ್ಜಾ ಮಧ್ಯದಲ್ಲಿ ಒದ್ದೆ ಇದ್ರೆ ಬೆಂದಿಲ್ಲ ಅಂತಲೇ ಅರ್ಥನಾ? (ಕೋಲಾರ, ಸೌದೆ ಒಲೆ ಪಿಜ್ಜಾ)

ಡೂಮ್‌ಲೈಟ್_ಸರ್ಕಲ್

ನಮ್ಮೂರಲ್ಲೂ ಈಗ ಸೌದೆ ಒಲೆ ಇಟ್ಟು ನಿಯಾಪೊಲಿಟನ್ (ಇಟಲಿಯ ನೇಪಲ್ಸ್ ಶೈಲಿಯ) ಪಿಜ್ಜಾ ಮಾಡೋ ಹೋಟೆಲ್ ಬಂದಿದೆ. ಹೆಸರು ಬೇಡ, ಹೊಗಳೋದೂ ಬಯ್ಯೋದೂ ಇಲ್ಲಿ ವಿಷಯ ಅಲ್ಲ. ಕಂಪನಿ ಪಿಜ್ಜಾ ತಿಂದು ಅಭ್ಯಾಸ ಆದವರು ಇದಕ್ಕೆ ನಾಲ್ಕು ತಕರಾರು ತೆಗೀತಾರೆ: ಮಧ್ಯ ಒದ್ದೆ, ಅಂಚಲ್ಲಿ ಕಪ್ಪು ಚುಕ್ಕೆ, ಎತ್ತಿದ್ರೆ ತುದಿ ಜೋತು ಬೀಳುತ್ತೆ, ಚೀಸ್ ಕಮ್ಮಿ. ಇದರಲ್ಲಿ ಯಾವುದು ಆ ಶೈಲಿಯ ಗುಣ, ಯಾವುದು ಮಾಡಿದವರ ತಪ್ಪು? ಯಾವಾಗ ವಾಪಸ್ ಕಳಿಸಬಹುದು? ಗೊತ್ತಿರೋರು ಅಳತೆ ಸಮೇತ ಹೇಳಿ.

ಸೌದೆಒಲೆ

ನಾಲ್ಕಕ್ಕೂ ಮೂಲ ಒಂದೇ: ಬೇಯೋ ಸಮಯ. ನೇಪಲ್ಸ್‌ನಲ್ಲಿ 1984ರಲ್ಲಿ ಶುರುವಾದ ಪಿಜ್ಜಾದವರ ಸಂಘದ ನಿಯಮದಲ್ಲಿ ಒಲೆಯ ನೆಲ 380ರಿಂದ 430 ಡಿಗ್ರಿ ಸೆಲ್ಸಿಯಸ್, ಮೇಲಿನ ಗುಮ್ಮಟ ಸುಮಾರು 485 ಡಿಗ್ರಿ, ಬೇಯಲು 60ರಿಂದ 90 ಸೆಕೆಂಡ್. ಮನೆ ಓವನ್ ಸಾಮಾನ್ಯವಾಗಿ 250 ಡಿಗ್ರಿ ದಾಟೋದಿಲ್ಲ, ಅದರಲ್ಲಿ ಎಂಟು ಹತ್ತು ನಿಮಿಷ ಬೇಕು. ಅಷ್ಟು ಹೊತ್ತಿಗೆ ನೀರೆಲ್ಲ ಆರಿ ಹಪ್ಪಳದ ಹಾಗೆ ಗರಿ ಆಗುತ್ತೆ. ಒಂದೂವರೆ ನಿಮಿಷದಲ್ಲಿ ಎತ್ತಿದರೆ ನೀರು ಒಳಗೇ ಉಳಿಯುತ್ತೆ. ಹಾಗಾಗಿ ಮೆತ್ತಗಿರೋದು, ಜೋತು ಬೀಳೋದು ಈ ಶೈಲಿಯ ಗುಣ. ಯುರೋಪಿಯನ್ ಒಕ್ಕೂಟ 2010ರಲ್ಲಿ ಇದಕ್ಕೆ ಅಧಿಕೃತ ಮಾನ್ಯತೆ ಕೊಟ್ಟಾಗ ಬರೆದ ವಿವರಣೆಯಲ್ಲೂ ಮೆತ್ತಗೆ ಇರಬೇಕು, ಮಡಚಲು ಬರಬೇಕು ಅಂತಲೇ ಇದೆ. ಅಗಲ 35 ಸೆಂಟಿಮೀಟರ್ ಮೀರಬಾರದು, ಮಧ್ಯದ ದಪ್ಪ ಸುಮಾರು 4 ಮಿಲಿಮೀಟರ್, ಉಬ್ಬಿದ ಅಂಚು 1ರಿಂದ 2 ಸೆಂಟಿಮೀಟರ್.

ಕಪ್ಪು ಚುಕ್ಕೆಗೂ ಇದೇ ಕಾರಣ. ಚೆನ್ನಾಗಿ ಹುದುಗಿದ ಹಿಟ್ಟಿನ ಮೇಲ್ಮೈಯಲ್ಲಿ ಸಣ್ಣ ಗುಳ್ಳೆ ಏಳುತ್ತವೆ, ಅವುಗಳ ನೆತ್ತಿ ಮಾತ್ರ ಸೀಯುತ್ತೆ. ಚುಕ್ಕೆ ಚುಕ್ಕೆಗಳ ನಡುವಿನ ಜಾಗದಲ್ಲಿ ಹೊಂಬಣ್ಣ ಕಾಣಬೇಕು. ಅಂಚು ಪೂರಾ ಇದ್ದಿಲಾಗಿದ್ದರೆ, ಅಥವಾ ಒಂದೇ ಪಕ್ಕ ಕಪ್ಪಗಾಗಿ ಇನ್ನೊಂದು ಪಕ್ಕ ಬೆಳ್ಳಗಿದ್ದರೆ, ಸರಿಯಾದ ಹೊತ್ತಿಗೆ ತಿರುಗಿಸಿಲ್ಲ ಅಂತ.

ವಾಪಸ್ ಕಳಿಸೋ ಮೊದಲು ಎರಡು ಜಾಗ ನೋಡಿ. ಮೊದಲು ತಳ. ಫೋರ್ಕಿನಿಂದ ಎತ್ತಿದರೆ ಕಂದು ಚುಕ್ಕೆ ಹರಡಿರಬೇಕು. ಒಣ ಹಿಟ್ಟಿನ ಪುಡಿ ಕರಕಲಾಗಿ ಅಂಟಿದ್ದರೆ ಕಹಿ ಬರುತ್ತೆ: ಉಂಡೆ ತಟ್ಟುವಾಗ ಉದುರಿಸಿದ ಹಿಟ್ಟು ಕೊಡವಿಲ್ಲ, ಇಲ್ಲವೇ ಒಲೆಯ ನೆಲ ಗುಡಿಸಿಲ್ಲ. ಎರಡನೆಯದು ಕತ್ತರಿಸಿದ ಅಂಚಿಂದ ಮಧ್ಯದವರೆಗಿನ ಅಡ್ಡಸೀಳು. ಸಾಸಿನ ಕೆಳಗೆ ಬಿಳಿಚಾದ, ಹಸಿ ಹಿಟ್ಟಿನ ವಾಸನೆಯ, ಹಲ್ಲಿಗೆ ಅಂಟೋ ಪದರ ಇದ್ದರೆ ಅದು ನಿಜವಾಗಿ ಬೆಂದಿಲ್ಲ. ವಾಪಸ್ ಕೊಡಿ, ಸಂಕೋಚ ಬೇಡ. ಮೇಲಿನ ಒದ್ದೆ ಬೇರೆ, ಕೆಳಗಿನ ಹಸಿ ಬೇರೆ.

ಬಂಗಾರಪೇಟೆ_ಪಾನಿಪುರಿ

ಅಂದ್ರೆ ಮುದ್ದೆ ಬೆಂದಿದೆಯಾ ಅಂತ ಮುರಿದು ನೋಡೋ ಹಾಗೇ. ಮೇಲೆ ಹೊಳಪಿದ್ದು ಒಳಗೆ ಹಿಟ್ಟು ಗಂಟು ಗಂಟಾಗಿದ್ದರೆ ಯಾರೂ ಸುಮ್ಮನಿರಲ್ಲ.

ಕಣಕ_ಹದ

ಸೌದೆಒಲೆ ಅಣ್ಣ ಹೇಳಿದ ಹಸಿ ಪದರ ಎಲ್ಲ ಸಲ ಒಲೆಯಿಂದಲೇ ಬರಲ್ಲ, ಅರ್ಧ ಕಾರಣ ಹಿಟ್ಟಿನಲ್ಲಿರುತ್ತೆ. ಲೆಕ್ಕ ಇಲ್ಲಿದೆ.

1 ಲೀಟರ್ ನೀರಿಗೆ 1.7 ಕೆ.ಜಿ. ಹಿಟ್ಟು, 50 ಗ್ರಾಂ ಉಪ್ಪು, 3 ಗ್ರಾಂ ಹಸಿ ಈಸ್ಟ್. ಎಣ್ಣೆ ಇಲ್ಲ, ಸಕ್ಕರೆ ಇಲ್ಲ. 250 ಗ್ರಾಮಿನ 11 ಉಂಡೆ ಬರುತ್ತೆ. ಒಣ ಇನ್‌ಸ್ಟಂಟ್ ಈಸ್ಟ್ ಆದರೆ ಮೂರನೇ ಒಂದು ಭಾಗ, ಅಂದರೆ 1 ಗ್ರಾಂ. ಇಷ್ಟು ಕಮ್ಮಿ ಈಸ್ಟ್ ಹಾಕೋದೇ ಎಂಟರಿಂದ ಇಪ್ಪತ್ತನಾಲ್ಕು ಗಂಟೆ ನಿಧಾನವಾಗಿ ಹುದುಗಲಿ ಅಂತ. ಎರಡೇ ಗಂಟೆಯಲ್ಲಿ ಉಬ್ಬಲಿ ಅಂತ ಜಾಸ್ತಿ ಹಾಕಿದ ಪಿಜ್ಜಾ ಮೂಸಿದರೆ ಬೇಕರಿ ಬನ್ನಿನ ಈಸ್ಟ್ ವಾಸನೆ ಹೊಡೆಯುತ್ತೆ, ಅಂಚು ಒಳಗೆ ಒತ್ತಾಗಿ ಬ್ರೆಡ್ಡಿನ ಹಾಗಿರುತ್ತೆ.

ಸಂಘದ ನಿಯಮದಲ್ಲಿ ಅಂದಾಜಿಗೆ ಇಟ್ಟುಕೊಂಡಿರೋ ಕೋಣೆ 23 ಡಿಗ್ರಿಯದು. ಏಪ್ರಿಲ್‌ನಲ್ಲಿ ಕೋಲಾರದ ಅಡುಗೆಮನೆ, ಅದೂ ಪಕ್ಕದಲ್ಲೇ ಒಲೆ ಉರೀತಿರೋ ಕೋಣೆ, 32 ಡಿಗ್ರಿ ಇದ್ದರೆ ಅದು ತಂಪು ಅನ್ನಬೇಕು. ಕಲಸಿದ ಹಿಟ್ಟು 24 ಡಿಗ್ರಿಗೆ ಬರಬೇಕಂದ್ರೆ ನೀರಿನ ಲೆಕ್ಕ ಹೀಗೆ: 24ನ್ನು ಮೂರರಿಂದ ಗುಣಿಸಿ, 72. ಅದರಿಂದ ಹಿಟ್ಟಿನ ಶಾಖ 32, ಕೋಣೆ 32, ಕೈಯಲ್ಲಿ ನಾದೋ ಬಿಸಿಗೆ 4 ಕಳೀರಿ. ಉಳಿಯೋದು 4. ಅಂದರೆ ಫ್ರಿಜ್ ನೀರೇ ಬೇಕು. ಮಿಷನ್ನಲ್ಲಿ ಕಲಸಿದರೆ ಉಜ್ಜಿ ಏಳೋ ಬಿಸಿ ಇನ್ನೂ ಜಾಸ್ತಿ, ಆಗ ಐಸ್ ಹಾಕದೆ ದಾರಿಯಿಲ್ಲ. ನಲ್ಲಿ ನೀರಲ್ಲಿ ಕಲಸಿ ಸಂಜೆವರೆಗೆ ಇಟ್ಟರೆ ಉಂಡೆ ಚಪ್ಪಟೆಯಾಗಿ ಹರಡಿ, ಒಂದಕ್ಕೊಂದು ಅಂಟಿ, ಎತ್ತುವಾಗ ಹರಿಯುತ್ತೆ. ಹಾಗೆ ಹುಳಿ ಮೀರಿದ ಹಿಟ್ಟಲ್ಲಿ ಸಕ್ಕರೆಯನ್ನ ಈಸ್ಟ್ ತಿಂದು ಮುಗಿಸಿರುತ್ತೆ. ಎಷ್ಟೇ ಕೆಂಡ ಕೊಟ್ಟರೂ ಬಣ್ಣ ಬರಲ್ಲ, ಬೆಳ್ಳಗೇ ಉಳಿದು ಒಣಗುತ್ತೆ.

ಇದಕ್ಕೆ ಹೆದರಿ ಉಂಡೆಗಳನ್ನ ಫ್ರಿಜ್ಜಲ್ಲಿಟ್ಟು, ಆರ್ಡರ್ ಬಂದಾಗ ತಣ್ಣಗಿರೋದನ್ನೇ ತಟ್ಟಿದರೆ ಇನ್ನೊಂದು ಎಡವಟ್ಟು. 4 ಡಿಗ್ರಿಯ ಹಿಟ್ಟು 90 ಸೆಕೆಂಡಲ್ಲಿ ಮಧ್ಯದವರೆಗೆ ಬೇಯಲ್ಲ. ಆ ಹಸಿ ಪದರ ಹೆಚ್ಚಿನ ಸಲ ಇದೇ. ಬೇಸಿಗೆಯಲ್ಲಿ ಒಂದೂವರೆ ಗಂಟೆ, ಚಳಿಗಾಲದಲ್ಲಿ ಮೂರು ಗಂಟೆ ಮುಂಚೆ ಹೊರಗೆ ತೆಗೆದಿಡಬೇಕು. ಹೋಟೆಲಲ್ಲಿ ಕೂತು ನೋಡೋರಿಗೆ ಸುಳಿವು: ತಟ್ಟುವಾಗ ಉಂಡೆ ರಬ್ಬರಿನ ಹಾಗೆ ಹಿಂದಕ್ಕೆ ಎಳೀತಿದ್ದರೆ ಇನ್ನೂ ತಣ್ಣಗಿದೆ ಅಥವಾ ಸಾಕಷ್ಟು ನೆನೆದಿಲ್ಲ. ಒಬ್ಬಟ್ಟಿನ ಕಣಕ ನೆನೆಯದಿದ್ದರೆ ಹೂರಣ ಹೊರಗೆ ಬರುತ್ತಲ್ಲ, ಅದೇ ಗುಣ. ಲಟ್ಟಣಿಗೆ ಮುಟ್ಟಿದರಂತೂ ಕಥೆ ಮುಗೀತು. ಮಧ್ಯದಿಂದ ಅಂಚಿಗೆ ಬೆರಳಲ್ಲಿ ಗಾಳಿ ತಳ್ಳಬೇಕು, ಲಟ್ಟಿಸಿದರೆ ಆ ಗಾಳಿ ಹೋಗಿ ಅಂಚು ಉಬ್ಬೋದೇ ಇಲ್ಲ.

ಡೂಮ್‌ಲೈಟ್_ಸರ್ಕಲ್

ಅಕ್ಕ, ಮೈದಾನಾ ಅಥವಾ ಇಟಲಿಯ ಸೊನ್ನೆ-ಸೊನ್ನೆ ಹಿಟ್ಟೇ ಬೇಕಾ? ಮೆನುವಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿರ್ತಾರೆ.

ಕಣಕ_ಹದ

ಸೊನ್ನೆ-ಸೊನ್ನೆ ಅನ್ನೋದು ಎಷ್ಟು ಹೊಟ್ಟು ತೆಗೆದಿದೆ, ಸುಟ್ಟರೆ ಎಷ್ಟು ಬೂದಿ ಉಳಿಯುತ್ತೆ ಅನ್ನೋದರ ಗುರುತು. ಶಕ್ತಿಯ ಗುರುತಲ್ಲ. ಬಿಸ್ಕತ್ತಿಗೂ ಸೊನ್ನೆ-ಸೊನ್ನೆ ಇದೆ, ಪಿಜ್ಜಾಕ್ಕೂ ಇದೆ. ನೋಡಬೇಕಾದ್ದು ಹಿಟ್ಟಿನ ಶಕ್ತಿ ತೋರಿಸೋ ಡಬ್ಲ್ಯೂ ಸಂಖ್ಯೆ, ಸಂಘ ಹೇಳೋದು 250ರಿಂದ 320. ಚೀಲದ ಮೇಲೆ ಅದು ಇಲ್ಲದಿದ್ದರೆ ಪ್ರೋಟೀನ್ 11ರಿಂದ 13 ಶೇಕಡಾ ಇರಲಿ. ಅಂಗಡಿ ಮೈದಾದಲ್ಲಿ ಅದು ಸಾಮಾನ್ಯವಾಗಿ ಕಮ್ಮಿ, ಆರೇಳು ಗಂಟೆ ತಡೆದೀತು, ಇಡೀ ರಾತ್ರಿ ಹುದುಗಿಸಿದರೆ ಸಡಿಲ ಆಗುತ್ತೆ.

ನೀರನ್ನೂ ಮರೀಬೇಡಿ. ನಮ್ಮ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಕಲಸಿದ ಹಿಟ್ಟು ಬಿಗಿಯಾಗುತ್ತೆ, ಹುದುಗೋದು ತಡ. ಹಾಗಂತ ಬರೀ ಆರ್‌ಓ ನೀರು ಹಾಕಿದರೆ ಲವಣವೇ ಇಲ್ಲದೆ ಹಿಟ್ಟು ಜಿಗುಟಾಗಿ ಕೈಗೆ ಮೆತ್ತುತ್ತೆ. ಎರಡನ್ನೂ ಬೆರೆಸಿ ಹದ ಕಂಡುಕೊಳ್ಳೋದು ಒಳ್ಳೇದು. ಬೆಂಗಳೂರಿನ ಅಳತೆ ಹಾಗೇ ತಂದು ಇಲ್ಲಿ ಮಾಡಿದರೆ ಕೆಡೋದು ಇಲ್ಲೇ.

ಮಂಡಿ_ಬಾಕ್ಸ್

ಹಿಟ್ಟಿನ ಪುರಾಣ ಆಯ್ತು, ಟೊಮೆಟೊ ಕಡೆ ಬನ್ನಿ. ಏಷ್ಯಾದಲ್ಲೇ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ನಮ್ಮ ಎಪಿಎಂಸಿ. ಅದರ ಪಕ್ಕದಲ್ಲಿ ಕೂತು ಇಟಲಿ ಡಬ್ಬಿ ಒಡೆಯೋದು ಯಾವ ನ್ಯಾಯ ಸ್ವಾಮಿ?

ಸೌದೆಒಲೆ

ನ್ಯಾಯ ಇದೆ ಸಾರ್, ಕೋಪ ಬೇಡ. ಸ್ಯಾನ್ ಮಾರ್ಜಾನೊ ಉದ್ದ ಕಾಯಿ, ಒಳಗೆ ಎರಡೇ ಕೋಣೆ, ಬೀಜ ಮತ್ತು ಲೋಳೆ ಕಮ್ಮಿ, ತಿರುಳು ಜಾಸ್ತಿ. ವೆಸುವಿಯಸ್ ಬೆಟ್ಟದ ಹತ್ತಿರ ಸಾರ್ನೊ, ನೊಚೆರಾ ಕಡೆ ಬೆಳೀತಾರೆ. ಗಿಡದಲ್ಲೇ ಪೂರ್ತಿ ಹಣ್ಣಾದ ಮೇಲೆ ಕಿತ್ತು ಡಬ್ಬಿಗೆ ಹಾಕ್ತಾರೆ. ಮಂಡಿಗೆ ಬರೋದು ಅದಕ್ಕೆ ತದ್ವಿರುದ್ಧ: ದೂರದ ಊರಿಗೆ ಲಾರಿಯಲ್ಲಿ ಹೋಗಬೇಕು ಅಂತ ಬಣ್ಣ ತಿರುಗುವಾಗಲೇ ಕಿತ್ತದ್ದು. ತಳಿ ಆರಿಸೋದೂ ಸಿಪ್ಪೆ ಗಟ್ಟಿ ಇರಲಿ, ಬಾಕ್ಸಲ್ಲಿ ಒಡೆಯದಿರಲಿ ಅಂತ. ಸಾರು ಮಾಡೋಕೆ ಅದರಿಂದ ಏನೂ ತೊಂದರೆ ಇಲ್ಲ. ಪಿಜ್ಜಾ ಸಾಸನ್ನ ಮೊದಲೇ ಬೇಯಿಸಲ್ಲ, ಹಣ್ಣನ್ನ ಹಾಗೇ ಕೈಯಲ್ಲಿ ಹಿಸುಕಿ ಉಪ್ಪು ಬೆರೆಸಿ ಹಾಕ್ತಾರೆ. ಅದು ಬೇಯೋದು ಒಲೆಯ ಆ 90 ಸೆಕೆಂಡಲ್ಲಿ ಮಾತ್ರ. ಸಿಹಿ ಇಲ್ಲದ ಟೊಮೆಟೊ ಅಲ್ಲಿ ಸಿಕ್ಕಿಬೀಳುತ್ತೆ.

ಮಂಡಿ_ಬಾಕ್ಸ್

ಲಾರಿ ಮಾಲಿನ ವಿಷಯ ಒಪ್ಪಿದೆ. ಆದರೆ ಮಂಡಿಯಲ್ಲಿ ಪೂರ್ತಿ ಕೆಂಪಾದ ಬಾಕ್ಸೂ ಬರುತ್ತೆ, ದೂರ ಕಳಿಸೋರು ಅದನ್ನ ಮುಟ್ಟಲ್ಲ, ಅದಕ್ಕೇ ರೇಟು ಕಮ್ಮಿ. ಹೋಟೆಲಿನವರು ಕೊಳ್ಳಬೇಕಾದ್ದು ಅದು. ಹೀಗೆ ಮಾಡಲಿ: ಹಣ್ಣಿನ ಬುಡದಲ್ಲಿ ಕೂಡು ಚಿಹ್ನೆಯ (+) ಹಾಗೆ ಗೆರೆ ಕೊಯ್ದು, ಕುದಿಯೋ ನೀರಲ್ಲಿ 30 ಸೆಕೆಂಡ್, ಆಮೇಲೆ ತಣ್ಣೀರು. ಸಿಪ್ಪೆ ಸುಲಿದು, ಅಡ್ಡಕ್ಕೆ ಕತ್ತರಿಸಿ ಬೀಜ ಲೋಳೆ ಹಿಂಡಿ, ತಿರುಳನ್ನ ಕೈಯಲ್ಲಿ ಮುರಿದು, ಕೆ.ಜಿ.ಗೆ 10 ಗ್ರಾಂ ಉಪ್ಪು ಹಾಕಿ ಜರಡಿಯಲ್ಲಿ ಅರ್ಧ ಗಂಟೆ ಬಿಡಿ. ಕೆ.ಜಿ. ಹಣ್ಣಿಗೆ ಸಲೀಸಾಗಿ 400 ಗ್ರಾಂ ಹೋಗುತ್ತೆ, ಆ ನೀರು ರಸಂಗೆ ಆಗುತ್ತೆ, ಚೆಲ್ಲಬೇಡಿ. ಮಿಕ್ಸಿಗೆ ಮಾತ್ರ ಹಾಕಬೇಡಿ. ಬೀಜ ಒಡೆದು ಕಹಿ, ಗಾಳಿ ಸೇರಿ ಬಣ್ಣ ಕಿತ್ತಳೆ.

ಇನ್ನೊಂದು: ನಾಟಿ ಟೊಮೆಟೊ ಹುಳಿ ಅಂತ ಅದನ್ನೇ ಪೂರ್ತಿ ಹಾಕಿದರೆ ಬಾಯಿ ಜುಮ್ ಅನ್ನುತ್ತೆ. ಹೈಬ್ರಿಡ್ ಹಣ್ಣಿನ ಜೊತೆ ಐದಕ್ಕೊಂದು ಬೆರೆಸಿದರೆ ಸಾಕು.

ಕಣಕ_ಹದ

ಮಂಡಿ ಸಾರ್ ಹೇಳಿದ ಕ್ರಮ ಸರಿ, ತೊಡಕು ವರ್ಷಪೂರ್ತಿ ಒಂದೇ ರುಚಿ ಕೊಡೋದರಲ್ಲಿ. ಮಳೆ ಹೊಡೆದ ವಾರ ಹಣ್ಣಲ್ಲಿ ಬರೀ ನೀರು. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು, ಬೇರೆ ಕಾಲದಲ್ಲಿ ಅದೇ ಟೊಮೆಟೊ ರಸ್ತೆಗೆ ಸುರೀತಾರೆ. ಡಬ್ಬಿಗೆ ಈ ಏರುಪೇರಿಲ್ಲ. 400 ಗ್ರಾಮಿನ ಡಬ್ಬಿ 80 ಗ್ರಾಂ ಲೆಕ್ಕದಲ್ಲಿ ಐದು ಪಿಜ್ಜಾಕ್ಕೆ ಬರುತ್ತೆ. ಬಿಸಿಲುಕಾಲದ ಒಳ್ಳೆ ಹಣ್ಣು ಸಿಕ್ಕಾಗ ಊರಿನದು, ಮಿಕ್ಕಾಗ ಡಬ್ಬಿ ಅಂತ ಬೋರ್ಡಲ್ಲೇ ಬರೆದರೆ ಯಾರಿಗೂ ಬೇಜಾರಿಲ್ಲ. ಆಕ್ಷೇಪ ಇರೋದು ಊರ ಟೊಮೆಟೊಗೆ ಸಕ್ಕರೆ ಸುರಿದು ಡಬ್ಬಿ ರುಚಿ ಅನ್ನೋರ ಮೇಲೆ.

ಮಂಡಿ_ಬಾಕ್ಸ್

ಬೋರ್ಡಲ್ಲಿ ಬರೆಯೋದಾದರೆ ತಳಿ, ಹಳ್ಳಿ ಹೆಸರನ್ನೂ ಬರೀಲಿ. ಇಟಲಿಯವರು ಬರ್ಕೊಳ್ಳಲ್ವಾ?

ಡೈರಿ_ಕ್ಯಾನ್

ಚೀಸ್ ಕಮ್ಮಿ ಅನ್ನೋ ತಕರಾರು ಹಾಗೇ ಉಳೀತು. ಒಂದು ಪಿಜ್ಜಾಕ್ಕೆ 80ರಿಂದ 100 ಗ್ರಾಂ, ಅಷ್ಟೇ. ನಡುನಡುವೆ ಕೆಂಪು ಕಾಣಲೇಬೇಕು. ಕಾರಣ ಲೋಭ ಅಲ್ಲ, ನೀರು. ತಾಜಾ ಮೊಜರೆಲ್ಲಾದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಹಸುವಿನ ಹಾಲಿನದಕ್ಕೆ ಫಿಯೋರ್ ದಿ ಲಾತ್ತೆ ಅಂತಾರೆ, ನಮ್ಮ ಜಿಲ್ಲೆಯ ಹಾಲೆಲ್ಲ ಹೆಚ್ಚುಕಮ್ಮಿ ಹಸುವಿನದೇ ಆದ್ದರಿಂದ ಇಲ್ಲಿ ಅದೇ ಸಹಜ. ಎಮ್ಮೆ ಹಾಲಿನದು ಇನ್ನೂ ರಸ ಬಿಡುತ್ತೆ. ಬೆಳಿಗ್ಗೆಯೇ ಬೆರಳು ಗಾತ್ರಕ್ಕೆ ಕತ್ತರಿಸಿ, ತೂತಿನ ತಟ್ಟೆಯಲ್ಲಿ ಹಾಕಿ ಫ್ರಿಜ್ಜಲ್ಲಿ ನಾಲ್ಕೈದು ಗಂಟೆ ಬಸಿಯಲು ಬಿಡಬೇಕು. ಬಸಿಯದೆ ಹಾಕಿದರೆ ಮಧ್ಯದಲ್ಲಿ ಬಿಳಿ ನೀರಿನ ಕೊಳ. ಇದೊಂದು ಒದ್ದೆ ಮಾತ್ರ ತಪ್ಪಿನ ಪಟ್ಟಿಗೆ ಸೇರುತ್ತೆ. ತಟ್ಟೆ ಸ್ವಲ್ಪ ಓರೆ ಮಾಡಿ: ಎಣ್ಣೆ ಬೆರೆತ ಕೆಂಪು ರಸ ನಿಧಾನ ಜಾರಿದರೆ ಸರಿ, ಹಾಲು ನೀರಿನ ಹಾಗೆ ಹರಿದರೆ ಬಸಿದಿಲ್ಲ.

ಉದ್ದಕ್ಕೆ ದಾರ ಎಳೆಯೋ ಚೀಸ್ ಬೇಕಂದ್ರೆ ಅದು ನೀರು ಕಮ್ಮಿ ಇರೋ ಗಟ್ಟಿ ಬ್ಲಾಕ್. ಅದನ್ನ 430 ಡಿಗ್ರಿಯಲ್ಲಿ ಹಾಕಿದರೆ ಬೇಗ ಕಂದಿ, ಆರಿದ ಮೇಲೆ ಚರ್ಮದ ಹಾಗಾಗುತ್ತೆ.

ಸಸ್ಯಾಹಾರಿಗಳು ಒಂದು ಮಾತು ಕೇಳಿ. ಮಾರ್ಗರಿಟಾ (ಟೊಮೆಟೊ, ಮೊಜರೆಲ್ಲಾ, ಬೇಸಿಲ್ ಎಲೆಯ ಪಿಜ್ಜಾ) ಮೇಲೆ ಕೊನೆಗೆ ತುರಿಯೋ ಇಟಲಿಯ ಪಾರ್ಮಿಜಾನೊ ರೆಜಾನೊ ಚೀಸಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸ್ತಾರೆ. ನಮ್ಮ ದೇಶದ ಹಸಿರು ಚುಕ್ಕೆಯ ಚೀಸಿಗೆ ಅದಿಲ್ಲ. "ಮೇಲೆ ತುರಿಯೋ ಗಟ್ಟಿ ಚೀಸ್ ಯಾವುದು" ಅಂತ ಕೇಳಿದರೆ ಸಾಕು. ಬೇಸಿಲ್ ಎಲೆ ಅರೆದು ಮಾಡೋ ಪೆಸ್ಟೊದಲ್ಲೂ ಆ ಚೀಸ್ ಇರಬಹುದು. ನಾಪೊಲಿ ಅಂತ ಹೆಸರಿರೋ ಪಿಜ್ಜಾದಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಇರುತ್ತೆ, ಊರ ಹೆಸರು ಅಂದುಕೊಂಡು ಆರ್ಡರ್ ಮಾಡಿಬಿಡಬೇಡಿ.

ಬಂಗಾರಪೇಟೆ_ಪಾನಿಪುರಿ

ಹಾಲು ಉತ್ಪನ್ನವೇ ಬೇಡ ಅನ್ನೋರಿಗೆ?

ಡೈರಿ_ಕ್ಯಾನ್

ಮರಿನಾರಾ. ಟೊಮೆಟೊ, ಬೆಳ್ಳುಳ್ಳಿ, ಓರಿಗಾನೊ, ಆಲಿವ್ ಎಣ್ಣೆ, ಚೀಸ್ ಇಲ್ಲವೇ ಇಲ್ಲ. ಹೆಸರು ಕೇಳಿ ಮೀನು ಅಂದುಕೊಳ್ಳೋರಿದ್ದಾರೆ, ಮೀನೂ ಇಲ್ಲ. ಒಂದು ಹೋಟೆಲಿನ ಹಣೆಬರಹ ಗೊತ್ತಾಗಬೇಕಂದ್ರೆ ಇದನ್ನೇ ತರಿಸಿ, ಮರೆಮಾಚಲು ಚೀಸ್ ಇರಲ್ಲ.

ಸೌದೆಒಲೆ

ಒಲೆ ಬಗ್ಗೆ ಊರಿಗೆ ಸಂಬಂಧಪಟ್ಟ ಎರಡು ಮಾತು.

ನಮ್ಮಲ್ಲಿ ಕಲ್ಲು ಧಾರಾಳ, ಹಾಗಾಗಿ ಒಲೆಯ ನೆಲಕ್ಕೂ ಚಪ್ಪಡಿ ಹಾಸಿಬಿಡೋಣ ಅನ್ನೋ ಆಸೆ ಬರುತ್ತೆ. ಬೇಡ. ಗ್ರಾನೈಟ್ ಕಲ್ಲು ಬೆಂಕಿ ತಡೆಯೋ ಇಟ್ಟಿಗೆಗಿಂತ (ಫೈರ್ ಬ್ರಿಕ್) ಎರಡು ಮೂರು ಪಟ್ಟು ವೇಗವಾಗಿ ಶಾಖ ದಾಟಿಸುತ್ತೆ. ಮೇಲ್ಗಡೆ ಬೇಯೋದರೊಳಗೆ ತಳ ಕರಕಲು. ಬಿಸಿಗೆ ಚಕ್ಕೆ ಏಳೋ ಅಪಾಯ ಬೇರೆ. ನೇಪಲ್ಸ್‌ನವರು ಸೊರೆಂಟೊ ಕಡೆಯ ಮಣ್ಣಿನ ಬಿಲ್ಲೆ ಹಾಕೋದು ಅದು ಶಾಖವನ್ನ ನಿಧಾನ ಬಿಡುತ್ತೆ ಅಂತಲೇ.

ಸೌದೆ: ಶ್ರೀನಿವಾಸಪುರದ ಕಡೆ ಹಳೇ ಮಾವಿನ ತೋಟ ಕಡಿದಾಗ ಸಿಗೋ ಮಾವು, ಇಲ್ಲವೇ ಹುಣಸೆ, ಜಾಲಿ. ಕೈಮಣಿಕಟ್ಟಿನ ದಪ್ಪಕ್ಕೆ ಸೀಳಿ, ತೇವ 20 ಶೇಕಡಾಕ್ಕಿಂತ ಇಳಿಯೋವರೆಗೆ ಒಣಗಿಸಿದ್ದು. ನೀಲಗಿರಿ ಅಗ್ಗ, ಒಣಗಿದರೆ ಕಾವೂ ಚೆನ್ನಾಗಿದೆ, ಆದರೆ ತೊಗಟೆ ಎಲೆ ಸಮೇತ ಅಥವಾ ಅರೆಒಣಗಿದ್ದು ಹಾಕಿದರೆ ಘಾಟು ಹೊಗೆ. ಸೌದೆಯ ಪರಿಮಳ ಬಂತು ಅಂತ ಹೊಗಳೋರ ಬಗ್ಗೆ ಒಂದು ಅನುಮಾನ ಇಟ್ಟುಕೊಳ್ಳಿ. ಸರಿಯಾಗಿ ಉರಿಯೋ ಒಲೆಯಲ್ಲಿ 90 ಸೆಕೆಂಡಿಗೆ ಹೊಗೆ ಹಿಡಿಯಲ್ಲ, ಹೊಗೆ ವಾಸನೆ ಬಂದರೆ ಸೌದೆ ಹಸಿ. ಸಂಘದವರು ಈಗ ಕೆಲವು ಗ್ಯಾಸ್, ಕರೆಂಟ್ ಒಲೆಗಳಿಗೂ ಒಪ್ಪಿಗೆ ಕೊಟ್ಟಿದ್ದಾರೆ, ಗ್ಯಾಸ್ ಅಂದ ಮಾತ್ರಕ್ಕೆ ಮೋಸ ಅಲ್ಲ.

ಹೊತ್ತು ನೋಡಿ ಹೋಗಿ. ಪ್ರತಿ ಪಿಜ್ಜಾ ನೆಲದ ಶಾಖ ಹೀರುತ್ತೆ. ಶನಿವಾರ ರಾತ್ರಿ ಎಂಟೂವರೆಗೆ ಮೇಲಿಂದ ಮೇಲೆ ಹಾಕಿದಾಗ ನೆಲ 350ಕ್ಕಿಂತ ಕೆಳಗಿಳಿದು, ಗುಮ್ಮಟ ಮಾತ್ರ ಬಿಸಿ ಇರುತ್ತೆ. ಮೇಲೆ ಚುಕ್ಕೆ ಬಂದಿರುತ್ತೆ, ತಳ ಬೆಳ್ಳಗೆ. ಬಲ್ಲವರು ಕೆಂಡವನ್ನ ನೆಲಕ್ಕೆ ಹರಡಿ ಐದಾರು ನಿಮಿಷ ಬಿಟ್ಟು, ಗುಡಿಸಿ, ಮತ್ತೆ ಶುರು ಮಾಡ್ತಾರೆ. "ಹತ್ತು ನಿಮಿಷ ಆಗುತ್ತೆ ಸಾರ್" ಅಂದರೆ ಬೈಬೇಡಿ, ನಿಮ್ಮ ಒಳ್ಳೇದಕ್ಕೇ. ಏಳು ಗಂಟೆಗೆ ಹೋದರೆ ಈ ರಗಳೆ ಇಲ್ಲ.

ಕಣಕ_ಹದ

ಟೇಬಲ್ ಮೇಲೆ ಬಂದಾಗಿನಿಂದ ನಿಮ್ಮ ಕೈಲಿರೋದು ನಾಲ್ಕೈದು ನಿಮಿಷ. ಫೋಟೋ ಒಂದು ಸಾಕು. ನಾಲ್ವರು ಹೋಗಿ ನಾಲ್ಕು ಪಿಜ್ಜಾ ಒಟ್ಟಿಗೆ ತರಿಸಬೇಡಿ, ಎರಡೆರಡಾಗಿ ಹೇಳಿ. "ಕತ್ತರಿಸದೆ ಕೊಡಿ" ಅನ್ನಿ. ಮೊದಲೇ ಆರು ತುಂಡು ಮಾಡಿದರೆ ರಸ ಸೀಳಿನಲ್ಲಿ ಇಳಿದು ತಳ ನೆನೆಯುತ್ತೆ. ಚಾಕು ಫೋರ್ಕಲ್ಲಿ ತಿನ್ನೋದು ನೇಪಲ್ಸ್‌ನಲ್ಲೂ ಮಾಮೂಲಿ. ಬೀದಿಯಲ್ಲಿ ನಿಂತು ತಿನ್ನೋರು ನಾಲ್ಕು ಮಡಿಕೆ ಮಾಡ್ತಾರೆ, ನಾವು ಒಬ್ಬಟ್ಟು ಮಡಚೋ ಹಾಗೆ. ಟೇಬಲ್ ಮೇಲಿನ ಕೆಚಪ್ಪಲ್ಲಿ ಸಕ್ಕರೆ, ವಿನಿಗರ್. ಹಾಕ್ಕೊಳ್ಳೋರು ಹಾಕ್ಕೊಳ್ಳಿ, ಮಂಡಿ ಸಾರ್ ನೋಡದಿದ್ದರೆ ಆಯ್ತು.

ಪನೀರ್, ಕ್ಯಾಪ್ಸಿಕಂ, ಅಣಬೆ, ಈರುಳ್ಳಿ, ಜೋಳ ಎಲ್ಲ ಒಂದರ ಮೇಲೆ ಹೇರಿಸಿದರೆ 90 ಸೆಕೆಂಡಲ್ಲಿ ಯಾವುದೂ ಬೇಯಲ್ಲ, ಎಲ್ಲದರ ನೀರೂ ಮಧ್ಯಕ್ಕೆ. ಎರಡು ಐಟಂ ಸಾಕು. ಅಣಬೆ ಮೊದಲೇ ಹುರಿದಿರಬೇಕು.

ಡೂಮ್‌ಲೈಟ್_ಸರ್ಕಲ್

ಪಾರ್ಸೆಲ್ ತಂದರೆ ಮನೆಗೆ ಬರೋಷ್ಟರಲ್ಲಿ ಚರ್ಮ ಆಗುತ್ತಲ್ಲ, ಅದಕ್ಕೇನಾದರೂ ಇದೆಯಾ?

ಸೌದೆಒಲೆ

ಮುಚ್ಚಿದ ಡಬ್ಬದಲ್ಲಿ ತನ್ನದೇ ಹಬೆಗೆ ನೆನೆಯುತ್ತೆ, ಆಮೇಲೆ ಆರಿ ಪಿಷ್ಟ ಗಟ್ಟಿಯಾಗುತ್ತೆ. ಮುಚ್ಚಳ ಒಂದು ಬೆರಳು ತೆರೆದಿಟ್ಟು ತನ್ನಿ. ಮೈಕ್ರೊವೇವ್ ಬೇಡ, ಅದರಿಂದ ಇನ್ನೂ ಜಿಗುಟು. ದೋಸೆ ಹಂಚು ಮಧ್ಯಮ ಉರಿಯಲ್ಲಿ ಚೆನ್ನಾಗಿ ಕಾಯಿಸಿ, ಎಣ್ಣೆ ಹಾಕದೆ ಪಿಜ್ಜಾ ಇಟ್ಟು ಎರಡು ನಿಮಿಷ. ಆಮೇಲೆ ಹಂಚಿನ ಅಂಚಿಗೆ ನಾಲ್ಕು ಹನಿ ನೀರು, ಮುಚ್ಚಳ ಮುಚ್ಚಿ ಅರ್ಧ ನಿಮಿಷ. ತಳ ಗರಿ, ಮೇಲೆ ಚೀಸ್ ಕರಗಿರುತ್ತೆ. ತುಳಸಿ ಜಾತಿಯ ಆ ಬೇಸಿಲ್ ಎಲೆ ಕಪ್ಪಾಗಿರುತ್ತೆ, ತೆಗೆದುಬಿಡಿ.

ಬಂಗಾರಪೇಟೆ_ಪಾನಿಪುರಿ

ಕೊನೇ ಪ್ರಶ್ನೆ, ಬೈಬೇಡಿ. ಡಿಸೆಂಬರ್‌ನಲ್ಲಿ ಹಿತಕಿದ ಅವರೆಬೇಳೆ ಪಿಜ್ಜಾ ಮೇಲೆ ಹಾಕಬಹುದಾ?

ಕಣಕ_ಹದ

ಯಾಕೆ ಬೈಬೇಕು? ಹಸಿಯಾಗೇ ಹಾಕಿದರೆ ಬೇಯಲ್ಲ ಅಷ್ಟೇ. ಉಪ್ಪು ನೀರಲ್ಲಿ ಉಗುರಿಗೆ ಮೆತ್ತಗಾಗೋವರೆಗೆ ಬೇಯಿಸಿ, ಬಟ್ಟೆ ಮೇಲೆ ಪೂರ್ತಿ ಆರಿಸಿ, ಪಿಜ್ಜಾಕ್ಕೆ 50 ಗ್ರಾಂ. ಟೊಮೆಟೊ ಬೇಡ, ಹುಳಿಯಲ್ಲಿ ಅವರೆ ಸೊಗಡು ಮುಚ್ಚಿಹೋಗುತ್ತೆ. ಬಸಿದ ಮೊಜರೆಲ್ಲಾ 80 ಗ್ರಾಂ, ಜಜ್ಜಿದ ಬೆಳ್ಳುಳ್ಳಿ ಒಂದು ಎಸಳು, ಕಾಳುಮೆಣಸು. ಆಲಿವ್ ಎಣ್ಣೆ ಒಂದು ಚಮಚ ಮಾತ್ರ, ಅದೂ ಒಲೆಯಿಂದ ಇಳಿಸಿದ ಮೇಲೆ.

ಮಂಡಿ_ಬಾಕ್ಸ್

ಟೊಮೆಟೊ ಬೇಡ ಅಂದಿದ್ದೀರಿ ಅಕ್ಕ, ಗಮನಿಸಿದ್ದೀನಿ.